ಅನಿವಾರ್ಯವೆಂಬ ಮಾತು

ಹಳೆಯ ವಿದ್ಯಾರ್ಥಿಯೊಬ್ಬ ಕ್ಯಾಲಿಫೋರ್ನಿಯದಿಂದ ಕಾಗದ ಬರೆದಿದ್ದಾನೆ. ಓದುವ ಕಾಲದಲ್ಲಿ ವ್ಯಾಕರಣದಲ್ಲಿ ಅಷ್ಟೇನೂ ಚುರುಕಲ್ಲ. ಆದರೆ ಪ್ರಶ್ನೆ ಕೇಳುವುದರಲ್ಲಿ ಗಟ್ಟಿಗ. ಈಗ ಅಲ್ಲಿ ಎಂಜಿನಿಯರನಾಗಿದ್ದಾನೆ. ರಜೆಯ ದಿನ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿರುವ ಒಂದು ಬಂಗಾರದ ಮೊಳೆಯನ್ನು ನೋಡಿಕೊಂಡು ಬಂದನಂತೆ. ಆ ಮೊಳೆಯ ಕಥೆಯನ್ನೂ ಅದರ ಬೆನ್ನಿಗಿರುವ ನೋವಿನ ಕಥೆಯನ್ನೂ ಎರಡು ಪುಟ ಬರೆದು ಕೊನೆಯಲ್ಲಿ ಕೇಳಿದ್ದಾನೆ: “ಸಾರ್, ಒಂದು ದೇಶ ದೊಡ್ಡದಾಗಬೇಕಾದರೆ ಇವೆಲ್ಲ ಅನಿವಾರ್ಯವೇ ಅಲ್ಲವೆ?”

ಪ್ರಶ್ನೆ ಸಣ್ಣದು. ಉತ್ತರ ಬರೆಯಲು ಕುಳಿತರೆ ಕಾಗದದ ಒಂದು ಮಗ್ಗುಲಲ್ಲಿ ಮುಗಿಯಲಿಲ್ಲ. ಅವನಿಗೆ ಹೇಳಹೊರಟದ್ದೇ ಇಲ್ಲಿ ಸ್ವಲ್ಪ ವಿಸ್ತಾರವಾಗಿದೆ.

ಮೊದಲು ಆ ಮೊಳೆಯ ವಿಚಾರ. ಅಮೆರಿಕದ ಪೂರ್ವ ಭಾಗವನ್ನೂ ಪಶ್ಚಿಮದ ಕರಾವಳಿಯನ್ನೂ ಕೂಡಿಸುವ ರೈಲುದಾರಿಯನ್ನು ಎರಡು ಕಂಪನಿಗಳು ಎರಡು ಕಡೆಯಿಂದ ಹಾಸುತ್ತ ಬಂದವು. ನೆಬ್ರಾಸ್ಕದ ಓಮಾಹದಿಂದ ಯೂನಿಯನ್ ಪೆಸಿಫಿಕ್, ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊದಿಂದ ಸೆಂಟ್ರಲ್ ಪೆಸಿಫಿಕ್. ಯೂಟಾ ಪ್ರಾಂತದ ಪ್ರಾಮಂಟರಿ ಎಂಬ ಬಯಲು ಬೆಟ್ಟದ ಮೇಲೆ ೧೮೬೯ರ ಮೇ ೧೦ರಂದು ಎರಡೂ ಕಂಬಿಗಳು ಕೂಡಿದುವು. ಕ್ಯಾಲಿಫೋರ್ನಿಯ ಕಡೆಯ ಕಂಪನಿಯ ಅಧ್ಯಕ್ಷ ಲೀಲಂಡ್ ಸ್ಟ್ಯಾನ್‌ಫರ್ಡ್ ಬಂಗಾರದ ಮೊಳೆಯನ್ನು ಮುಟ್ಟಿಸಿದ. ಕೆಲಸ ಮುಗಿಯಿತೆಂದು ತಂತಿ ದೇಶಕ್ಕೆಲ್ಲ ಸಾರಿತು. ಒಟ್ಟು ೧,೭೭೬ ಮೈಲಿ. ತಿಂಗಳುಗಟ್ಟಲೆ ಗಾಡಿಯಲ್ಲಿಯೋ ಹಡಗಿನಲ್ಲಿಯೋ ಸವೆಸಬೇಕಾಗಿದ್ದ ಹಾದಿ ಒಂದು ವಾರದ ಪಯಣವಾಯಿತು. ೧೮೬೫ರಲ್ಲಿ ಆ ದೇಶದಲ್ಲಿದ್ದ ರೈಲುದಾರಿ ಸುಮಾರು ೩೫,೦೦೦ ಮೈಲಿ. ೧೯೦೦ರ ಹೊತ್ತಿಗೆ ೧,೯೦,೦೦೦ ಮೈಲಿಗೂ ಮಿಕ್ಕಿತ್ತು. ಒಂದು ತಲೆಮಾರಿನಲ್ಲಿ ಇಷ್ಟನ್ನು ಸಾಧಿಸಿದ ಜನದ ಕರ್ತೃತ್ವಶಕ್ತಿಗೆ ತಲೆದೂಗದಿರುವುದು ಕೃಪಣತನವಾದೀತು.

ಬಂಗಾರ ಮೆದು ಲೋಹ. ಆ ಮೊಳೆ ಕಂಬಿಯನ್ನು ಹಿಡಿಯಲಾರದು. ಆದುದರಿಂದ ಸಮಾರಂಭ ಮುಗಿದೊಡನೆ ಅದನ್ನು ತೆಗೆದು ಕಬ್ಬಿಣದ ಮೊಳೆಯನ್ನು ಹೊಡೆದರು. ಬಂಗಾರದ ಮೊಳೆಯ ಮೈಮೇಲೆ ಕಂಪನಿಯ ಅಧಿಕಾರಿಗಳ, ನಿರ್ದೇಶಕರ ಹೆಸರುಗಳನ್ನು ಕೊರೆದಿದ್ದಾರೆ. ಕಬ್ಬಿಣದ ಮೊಳೆಗಳನ್ನು ಹೊಡೆದವರ ಹೆಸರುಗಳಾದರೋ ಎಲ್ಲಿಯೂ ಇಲ್ಲವೆಂದರೂ ಸರಿ. ಸೆಂಟ್ರಲ್ ಪೆಸಿಫಿಕ್ಕಿನ ಕೆಲಸಗಾರರಲ್ಲಿ ಹತ್ತಕ್ಕೆ ಎಂಟು ಒಂಬತ್ತು ಮಂದಿ ಚೀನೀಯರು. ಕಂಪನಿಯ ಸಂಬಳದ ಪುಸ್ತಕದಲ್ಲಿ ಬಹುಮಟ್ಟಿಗೆ ತಂಡದ ಮುಖ್ಯಸ್ಥನ ಹೆಸರು ಮಾತ್ರ ಬರೆದಿದೆ. ಉಳಿದವರು ಲೆಕ್ಕದ ತಲೆಗಳು. ಸಿಯೆರಾ ನೆವಾಡ ಪರ್ವತದ ನೆತ್ತಿಯಲ್ಲಿ ಕಗ್ಗಲ್ಲನ್ನು ಕೊರೆದು ಅವರು ತೋಡಿದ ಸುರಂಗ ೧,೬೫೯ ಅಡಿ ಉದ್ದ. ದಿನವೆಲ್ಲ ದುಡಿದರೆ ಒಂದಡಿ ಮುಂದೆ ಸಾಗಿದರೆ ಹೆಚ್ಚು ಎಂಬಂಥ ಕಲ್ಲು. ೧೮೬೬–೬೭ರ ಚಳಿಗಾಲದಲ್ಲಿ ಹಿಮ ಕುಸಿದು ಹುದುಗಿಹೋದವರ ಹೆಣಗಳು ಕೆಲವೆಡೆ ಹಿಮ ಕರಗಿದ ಮೇಲೆಯೇ ಸಿಕ್ಕಿದುವು.

ಅವರಿಗೆ ಕೊಡುತ್ತಿದ್ದ ಸಂಬಳ ಬಿಳಿಯರಿಗಿಂತ ಕಡಿಮೆ. ಊಟದ ಖರ್ಚು ಅವರದೇ. ೧೮೬೭ರ ಜೂನ್ ತಿಂಗಳಲ್ಲಿ ಸಾವಿರಗಟ್ಟಲೆ ಮಂದಿ ಗುದ್ದಲಿ ಕೆಳಗಿಟ್ಟು ಸಮಾನ ಸಂಬಳ ಕೇಳಿದರು. ಗಲಭೆಯಿಲ್ಲ, ಕೂಗಾಟವಿಲ್ಲ. ಕಂಪನಿ ಏನು ಮಾಡಿತು? ಬೆಟ್ಟದ ಮೇಲಕ್ಕೆ ದಿನಸಿ ಹೋಗುವುದನ್ನು ನಿಲ್ಲಿಸಿತು. ಒಂದು ವಾರದಲ್ಲಿ ಹಸಿವು ಗೆದ್ದಿತು. ಎರಡು ಎಂಜಿನುಗಳು ಮುಖಕ್ಕೆ ಮುಖ ಕೊಟ್ಟು ನಿಂತು, ಅವುಗಳ ಮುಂದೆ ಜನ ಬಾಟಲಿ ಎತ್ತಿ ಹಿಡಿದಿರುವ ಪ್ರಾಮಂಟರಿಯ ಭಾವಚಿತ್ರ ಜಗತ್ಪ್ರಸಿದ್ಧ. ಅಂದು ಕೊನೆಯ ಕಂಬಿಯನ್ನು ತಂದಿಟ್ಟವರು ಚೀನೀಯರೇ. ಚಿತ್ರದ ಆ ಸಂಭ್ರಮದ ನಡುವೆ ಅವರ ಮುಖ ಕಾಣುವುದಿಲ್ಲ. ಹದಿಮೂರು ವರ್ಷದ ಮೇಲೆ, ೧೮೮೨ರಲ್ಲಿ, ಚೀನೀ ಕೂಲಿಕಾರರು ಇನ್ನು ದೇಶದೊಳಕ್ಕೆ ಬರಕೂಡದೆಂದು ಕಾನೂನಾಯಿತು. ಅದು ರದ್ದಾದದ್ದು ೧೯೪೩ರಲ್ಲಿ.

ಇದನ್ನೆಲ್ಲ ನನ್ನ ವಿದ್ಯಾರ್ಥಿ ಬಲ್ಲ. ಬಲ್ಲದ್ದರಿಂದಲೇ ಅವನಿಗೆ ‘ಅನಿವಾರ್ಯ’ ಎಂಬ ಮಾತು ಬೇಕಾಗಿದೆ. ಅದು ಕ್ರೂರಿಯ ಮಾತಲ್ಲ. ಮನಸ್ಸು ನೊಂದವನು, ಆ ನೋವನ್ನು ಎಲ್ಲಿ ಇಳಿಸಿಡಬೇಕೆಂದು ತಿಳಿಯದೆ, ಹುಡುಕಿಕೊಳ್ಳುವ ಜಗುಲಿ. ನಾವೆಲ್ಲರೂ ಒಂದಲ್ಲ ಒಂದು ದಿನ ಅದರ ಮೇಲೆ ಕುಳಿತವರೇ.

ಆದರೂ ಆ ಮಾತಿನ ಸ್ವಭಾವವನ್ನು ಸ್ವಲ್ಪ ನೋಡಬೇಕು. ನಾನು ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವವನು. ನನಗೆ ಅದು ಕರ್ಮಣಿಪ್ರಯೋಗದಂತೆ ಕಾಣುತ್ತದೆ. ‘ರಾಮನು ಮರವನ್ನು ಕಡಿದನು’ ಎಂದರೆ ಕಡಿದವನು ಕಣ್ಣೆದುರಿಗೆ ನಿಲ್ಲುತ್ತಾನೆ. ‘ಮರವು ಕಡಿಯಲ್ಪಟ್ಟಿತು’ ಎಂದರೆ ಮರ ಮಾತ್ರ ಉಳಿಯುತ್ತದೆ, ಕೊಡಲಿ ಹಿಡಿದವನು ಮರೆಯಾಗುತ್ತಾನೆ. ಕನ್ನಡದ ಜಾಯಮಾನಕ್ಕೆ ಈ ಪ್ರಯೋಗ ಒಗ್ಗದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಭಾಷೆಗೆ ಒಗ್ಗದ್ದು ನೀತಿಗೂ ಪೂರ್ತಿ ಒಗ್ಗುವುದಿಲ್ಲವೆಂದು ನನಗೆ ಅನೇಕ ಸಲ ತೋರಿದೆ. ‘ಅನಿವಾರ್ಯ’ವೆಂಬ ಮಾತು ಮಾಡುವ ಕೆಲಸವೂ ಇದೇ. ನೊಂದವರನ್ನು ಅದು ಅಲ್ಲಗಳೆಯುವುದಿಲ್ಲ. ನೋಯಿಸಿದವರನ್ನು ವಾಕ್ಯದಿಂದ ಹೊರಕ್ಕೆ ಕಳುಹಿಸುತ್ತದೆ, ಅಷ್ಟೆ.

ಕರ್ತೃ ಇಲ್ಲದ ವಾಕ್ಯ ಬಹುಕಾಲ ನಿಲ್ಲದು. ತೆರವಾದ ಆ ಸ್ಥಾನಕ್ಕೆ ಒಂದು ದೇವತೆಯನ್ನು ತಂದು ಕೂರಿಸುತ್ತೇವೆ. ೧೮೭೨ರಲ್ಲಿ ಜಾನ್ ಗ್ಯಾಸ್ಟ್ ಎಂಬ ಚಿತ್ರಕಾರ ‘ಅಮೆರಿಕದ ಪ್ರಗತಿ’ ಎಂಬ ಚಿತ್ರವೊಂದನ್ನು ಬರೆದ. ಅದರ ಅಚ್ಚಿನ ಪ್ರತಿಗಳು ಮನೆಮನೆಗೆ ಹೋದುವು. ಬಿಳಿಯ ಉಡುಗೆ ತೊಟ್ಟ ದೇವಿಯೊಬ್ಬಳು ಪಶ್ಚಿಮದ ಕಡೆಗೆ ಗಾಳಿಯಲ್ಲಿ ತೇಲಿ ಹೋಗುತ್ತಿದ್ದಾಳೆ. ಒಂದು ಕೈಯಲ್ಲಿ ಶಾಲೆಯ ಪುಸ್ತಕ, ಇನ್ನೊಂದು ಕೈಯಲ್ಲಿ ತಂತಿಯ ಸುರುಳಿ. ಅವಳ ಹಿಂದೆ ರೈಲು, ಗಾಡಿ, ನೇಗಿಲು, ಬೆಳಕು. ಅವಳ ಮುಂದೆ ಕತ್ತಲು. ಆ ಕತ್ತಲಿನೊಳಕ್ಕೆ ಕಾಡೆಮ್ಮೆಗಳೂ ಮೂಲನಿವಾಸಿಗಳೂ ಓಡುತ್ತಿದ್ದಾರೆ. ಅವರನ್ನು ಅಟ್ಟುತ್ತಿರುವುದು ಆ ದೇವಿಯ ಬೆಳಕೇ ಎಂಬಂತಿದೆ ಚಿತ್ರ. ಬೆಳಕಿಗೆ ಕತ್ತಲು ಸರಿದರೆ ತಪ್ಪು ಯಾರದು?

ನಮಗೆ ಈ ಚಿತ್ರ ಅಪರಿಚಿತವೇನಲ್ಲ. ಖಾಂಡವವನದ ದಹನವನ್ನು ಪಂಪನೂ ಕುಮಾರವ್ಯಾಸನೂ ಹೇಳಿದ್ದಾರೆ. ಅಲ್ಲಿ ಕಾಡನ್ನು ಸುಟ್ಟವರು ಯಾರು? ಅಗ್ನಿಗೆ ಹಸಿವಾಗಿತ್ತು. ಅರ್ಜುನನೂ ಕೃಷ್ಣನೂ ಬೇಡಿ ಬಂದವನಿಗೆ ಉಣಬಡಿಸಿದರು. ಹೊರಕ್ಕೆ ಓಡಿಬಂದ ಪ್ರಾಣಿಗಳನ್ನು ಮರಳಿ ಬೆಂಕಿಗೆ ಅಟ್ಟಿದ್ದೂ ಅತಿಥಿಸತ್ಕಾರದ ಒಂದು ಅಂಗ! ಆಮೇಲೆ, ಉಳಿದುಕೊಂಡ ಮಯನ ಕೈಯಿಂದ ಸಭಾಭವನವೆದ್ದಿತು. ಮಯಸಭೆಯ ಬೆಡಗನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅದನ್ನು ಕಟ್ಟಿದವನು ಆ ಬೆಂಕಿಯಿಂದ ತಪ್ಪಿಸಿಕೊಂಡವನೆಂಬುದನ್ನು ಹೇಳಲು ಮರೆಯುತ್ತೇವೆ. ಆದರೆ ನಮ್ಮ ಕವಿಗಳ ಒಂದು ಗುಣವನ್ನು ಹೇಳಲೇಬೇಕು. ಅವರು ಬೆಂಕಿಯನ್ನು ಮುಚ್ಚಿಡಲಿಲ್ಲ, ಬೆಂದವರನ್ನೂ ಮುಚ್ಚಿಡಲಿಲ್ಲ.

ಪ್ರಗತಿಯ ದೇವಿಗೆ ಕಾರ್ಖಾನೆಯಲ್ಲಿ ಬೇರೊಂದು ಹೆಸರಿತ್ತು: ಸ್ಪರ್ಧೆಯ ನಿಯಮ. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ೧೮೮೯ರಲ್ಲಿ ಸಂಪತ್ತನ್ನು ಕುರಿತು ಒಂದು ಪ್ರಬಂಧ ಬರೆದ. ಈ ನಿಯಮ ಒಬ್ಬೊಬ್ಬ ವ್ಯಕ್ತಿಗೆ ಕಠಿಣವಾಗಿ ಪರಿಣಮಿಸಬಹುದು, ಆದರೂ ಒಟ್ಟು ಮನುಷ್ಯಕುಲಕ್ಕೆ ಅದೇ ಒಳ್ಳೆಯದು ಎಂಬುದು ಅದರಲ್ಲಿನ ವಾದ. ಕಾರ್ನೆಗಿ ಕೆಟ್ಟ ಮನುಷ್ಯನಲ್ಲ. ಸ್ಕಾಟ್ಲೆಂಡಿನ ಬಡ ನೇಕಾರನ ಮಗ. ಕಾರ್ಮಿಕರ ಸಂಘಗಳ ಪರವಾಗಿ ಲೇಖನ ಬರೆದವನು. ೧೮೯೨ರಲ್ಲಿ ಪೆನ್ಸಿಲ್ವೇನಿಯದ ಹೋಮ್‌ಸ್ಟೆಡ್ ಎಂಬ ಊರಿನ ಅವನ ಕಾರ್ಖಾನೆಯಲ್ಲಿ ಕೂಲಿ ಇಳಿಸುವ ಮಾತು ಬಂದಾಗ ಅವನು ಸ್ಕಾಟ್ಲೆಂಡಿನಲ್ಲಿದ್ದ. ಅಧಿಕಾರವನ್ನು ಹೆನ್ರಿ ಫ್ರಿಕ್ ಎಂಬವನ ಕೈಗೆ ಬಿಟ್ಟಿದ್ದ. ಫ್ರಿಕ್ ಸುಮಾರು ಮುನ್ನೂರು ಬಾಡಿಗೆ ಬಂಟರನ್ನು ರಾತ್ರೋರಾತ್ರಿ ದೋಣಿಗಳಲ್ಲಿ ಕರೆಸಿದ. ಜುಲೈ ೬ರ ಕಾಳಗದಲ್ಲಿ ಎರಡೂ ಕಡೆ ಸೇರಿ ಹತ್ತು ಮಂದಿಯಾದರೂ ಸತ್ತರು. ಸಂಘ ಮುರಿಯಿತು. ಹನ್ನೆರಡು ಗಂಟೆಯ ದುಡಿಮೆ ಉಳಿಯಿತು. ೧೮೯೮ರಲ್ಲಿ ಅದೇ ಜನಕ್ಕಾಗಿ ಕಾರ್ನೆಗಿ ಭವ್ಯವಾದ ಪುಸ್ತಕಾಲಯವೊಂದನ್ನು ತೆರೆಸಿದ. ಅವನು ಲೋಕದಲ್ಲೆಲ್ಲ ಕಟ್ಟಿಸಿದ ೨,೫೦೦ ಪುಸ್ತಕಾಲಯಗಳಲ್ಲಿ ಅದೊಂದು. ಪುಸ್ತಕವನ್ನು ನಂಬಿ ಬದುಕುವ ನನ್ನಂಥವನಿಗೆ ಇದನ್ನು ಹಗುರವಾಗಿ ಕಾಣುವ ಹಕ್ಕಿಲ್ಲ. ಆದರೂ ಹನ್ನೆರಡು ಗಂಟೆ ಕುಲುಮೆಯ ಮುಂದೆ ನಿಂತು ಬಂದವನು ಯಾವ ಹೊತ್ತಿನಲ್ಲಿ ಓದಬೇಕೆಂಬ ಪ್ರಶ್ನೆ ಆ ಕಟ್ಟಡದ ಬಾಗಿಲಲ್ಲೇ ನಿಂತಿರುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಆ ಆಕ್ಷೇಪಣೆಗೆ ಬಲವುಂಟು. ಪಶ್ಚಿಮದ ನೆಲ ಬರಿಯ ಲೋಭಿಗಳನ್ನಷ್ಟೇ ಕರೆಯಲಿಲ್ಲ. ೧೮೬೨ರ ಕಾನೂನಿನಂತೆ, ಐದು ವರ್ಷ ನೆಲಸಿ ಉತ್ತುವವನಿಗೆ ೧೬೦ ಎಕರೆ ಭೂಮಿ ಹೆಚ್ಚುಕಡಿಮೆ ಉಚಿತವಾಗಿಯೇ ದೊರೆಯುತ್ತಿತ್ತು. ನಾರ್ವೆ, ಸ್ವೀಡನ್, ಜರ್ಮನಿಗಳ ಬಡ ರೈತರು ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿ ಮನೆ ಕಟ್ಟಿಕೊಂಡು, ಮಿಡತೆ ಬರಗಾಲಗಳೊಡನೆ ಹೋರಾಡಿ, ಮೊಟ್ಟಮೊದಲ ಬಾರಿಗೆ ಸ್ವಂತ ನೆಲದ ಮೇಲೆ ನಿಂತರು. ಇನ್ನೂ ಮಿಗಿಲಾದ ಮಾತೊಂದಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ಜನ ದಕ್ಷಿಣದ ರಾಜ್ಯಗಳ ಹಿಂಸೆಯನ್ನು ತಾಳಲಾರದೆ ಕ್ಯಾನ್ಸಸ್ಸಿಗೆ ಬಂದು ೧೮೭೭ರಲ್ಲಿ ನಿಕೊಡೀಮಸ್ ಎಂಬ ಊರು ಕಟ್ಟಿದರು. ೧೮೭೯ರಲ್ಲಿ ಸಾವಿರಗಟ್ಟಲೆ ಮಂದಿ ಆ ಕಡೆಗೆ ಹೊರಟರು. ಆ ನೆಲ ಅವರಿಗೆ ಮಾನವೇ ಆಗಿತ್ತು. ಅವರೊಡನೆ ನಿಂತು, ನೀವು ಬಂದದ್ದು ತಪ್ಪು ಎಂದು ಯಾವ ಬಾಯಿಂದ ಹೇಳೋಣ?

ಹೇಳಲಾರೆವು, ಹೇಳಬೇಕಾಗಿಯೂ ಇಲ್ಲ. ಆದರೆ ಇದರಿಂದ ಲೆಕ್ಕ ಸರಿಹೋಯಿತೆನ್ನುವಂತಿಲ್ಲ. ಅಂಗಡಿಯವನು ಒಬ್ಬ ಗಿರಾಕಿಯ ಜಮೆಯನ್ನು ಇನ್ನೊಬ್ಬನ ಸಾಲಕ್ಕೆ ವಜಾ ಹಾಕಿಕೊಂಡರೆ ಅದನ್ನು ಲೆಕ್ಕವೆನ್ನುವುದಿಲ್ಲ. ನಾರ್ವೆಯ ರೈತ ಪಡೆದ ಸುಖ ನಿಜ. ಆದರೆ ಕಳೆದುಕೊಂಡವನು ಅವನಲ್ಲ. ‘ದೇಶ ಪಡೆಯಿತು, ದೇಶ ಕಳೆದುಕೊಂಡಿತು’ ಎಂದು ಒಂದೇ ಹೆಸರಿನಲ್ಲಿ ಎರಡನ್ನೂ ಬರೆದಾಗ ಮಾತ್ರ ಶೇಷ ಲಾಭವಾಗಿ ತೋರುತ್ತದೆ.

ಅದಲ್ಲದೆ, ಎರಡು ಬೇರೆ ಬೇರೆ ಸಂಗತಿಗಳನ್ನು ಆ ಮಾತು ಒಂದೇ ಮೂಟೆಯಲ್ಲಿ ಕಟ್ಟಿಬಿಡುತ್ತದೆ. ರೈಲು ಬರುವುದು ಅನಿವಾರ್ಯವಾಗಿತ್ತೆಂದೇ ಇಟ್ಟುಕೊಳ್ಳೋಣ. ಕಂಬಿ ಹಾಸಲು ಕಬ್ಬಿಣ ಬೇಕು, ಮರದ ದಿಮ್ಮಿ ಬೇಕು, ತೋಳ್ಬಲ ಬೇಕು. ಆದರೆ ಹಳದಿ ಮೈಯವನ ಸಂಬಳ ಬಿಳಿ ಮೈಯವನದಕ್ಕಿಂತ ಕಡಿಮೆಯಿರಬೇಕೆಂಬುದು ಯಾವ ಎಂಜಿನಿಯರಿಂಗ್ ನಿಯಮ? ೧೮೮೨ರ ಕಾನೂನು ಕಾಲದ ಪ್ರವಾಹದಲ್ಲಿ ತಾನಾಗಿ ತೇಲಿ ಬರಲಿಲ್ಲ. ಅದರ ಮೊದಲ ರೂಪವನ್ನು ಅಧ್ಯಕ್ಷ ಆರ್ಥರ್ ತಿರಸ್ಕರಿಸಿದ್ದ. ಸೆನೆಟ್ಟಿನಲ್ಲಿ ಮ್ಯಾಸಚೂಸೆಟ್ಸಿನ ಜಾರ್ಜ್ ಹೋರ್ ಎದ್ದು ನಿಂತು ಅದನ್ನು ಖಂಡಿಸಿದ್ದ. ಬೇಡವೆಂದವರು ಇದ್ದರು ಎಂದಮೇಲೆ ಬೇಕೆಂದವರು ಆರಿಸಿಕೊಂಡರು ಎಂದೇ ಅರ್ಥ. ನಡೆದುಹೋದ ಮೇಲೆ ಎಲ್ಲವೂ ಅನಿವಾರ್ಯವಾಗಿ ಕಾಣುತ್ತದೆ. ನಡೆಯುವ ಹೊತ್ತಿನಲ್ಲಿ ಅಲ್ಲಿ ಕವಲುದಾರಿ ಇತ್ತು.

ಆ ಕವಲಿನಲ್ಲಿ ನಿಂತ ಒಬ್ಬನ ಕಥೆಯನ್ನು ಹೇಳುತ್ತೇನೆ. ನಯೋಬ್ರಾರ ನದಿಯ ದಡದಲ್ಲಿ ಪಾಂಕ ಎಂಬ ಜನ ಬೇಸಾಯ ಮಾಡಿಕೊಂಡು ಶಾಂತವಾಗಿದ್ದರು. ೧೮೬೮ರಲ್ಲಿ ಸರಕಾರ ಸೂ ಜನದೊಡನೆ ಒಪ್ಪಂದ ಮಾಡಿಕೊಳ್ಳುವಾಗ ಪಾಂಕರ ನೆಲವನ್ನೂ ತಪ್ಪಿ ಅವರಿಗೆ ಬರೆದುಕೊಟ್ಟಿತು. ಬರವಣಿಗೆಯ ತಪ್ಪನ್ನು ತಿದ್ದುವುದರ ಬದಲು, ೧೮೭೭ರಲ್ಲಿ ಆ ಜನವನ್ನೇ ಎತ್ತಿ ಇಂದಿನ ಓಕ್ಲಹೋಮದ ಕಡೆಗೆ ಸಾಗಿಸಿತು. ದಾರಿಯಲ್ಲಿಯೂ ಅಲ್ಲಿಯೂ ಅನೇಕರು ಸತ್ತರು. ಅವರ ಮುಖಂಡರಲ್ಲೊಬ್ಬನ ಹೆಸರು ಸ್ಟ್ಯಾಂಡಿಂಗ್ ಬೇರ್, ನಿಂತ ಕರಡಿ ಎಂದರ್ಥ. ಅವನ ಮಗಳು ದಾರಿಯಲ್ಲಿ ಸತ್ತಳು. ಮಗ ಅಲ್ಲಿ ಸತ್ತ. ಮಗನನ್ನು ಹಿರಿಯರ ಮಣ್ಣಿನಲ್ಲಿ ಹೂಳಬೇಕೆಂದು ೧೮೭೯ರ ಜನವರಿಯ ಚಳಿಯಲ್ಲಿ, ಅವನ ಎಲುಬುಗಳನ್ನು ಜೊತೆಗಿಟ್ಟುಕೊಂಡು, ಸುಮಾರು ಮೂವತ್ತು ಜನದೊಡನೆ ಉತ್ತರಕ್ಕೆ ನಡೆದ. ಅಪ್ಪಣೆಯಿಲ್ಲದೆ ಹೊರಟದ್ದಕ್ಕೆ ಅವನನ್ನು ಹಿಡಿಯಬೇಕೆಂದು ಆಜ್ಞೆಯಾಯಿತು.

ಆಜ್ಞೆ ಹೊರಟದ್ದು ಕಾರ್ಲ್ ಶುರ್ಟ್ಸ್ ಎಂಬ ಮಂತ್ರಿಯಿಂದ. ಈತ ಜರ್ಮನಿಯ ೧೮೪೮ರ ಕ್ರಾಂತಿಯಲ್ಲಿ ಭಾಗವಹಿಸಿ, ಸ್ವದೇಶವನ್ನು ಕಳೆದುಕೊಂಡು ಬಂದವನು, ಗುಲಾಮಗಿರಿಯನ್ನು ವಿರೋಧಿಸಿದವನು. ನೆಲ ಕಳೆದುಕೊಳ್ಳುವುದೆಂದರೇನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಅವನ ಮುಂದೆ ಇದ್ದದ್ದು ಕಡತ. ಮಗನ ಎಲುಬು ಹೊತ್ತ ತಂದೆಯಲ್ಲ. ತಂದೆಯನ್ನು ಕಣ್ಣಾರೆ ಕಂಡವನು ಅವನನ್ನು ಸೆರೆಹಿಡಿದ ಸೇನಾಧಿಕಾರಿ ಜನರಲ್ ಕ್ರೂಕ್. ಆಜ್ಞೆಯನ್ನು ಪಾಲಿಸಿದ ಆತನೇ ಓಮಾಹದ ಪತ್ರಿಕೋದ್ಯಮಿ ಟಿಬಲ್ಸ್‌ಗೆ ಸುದ್ದಿ ಮುಟ್ಟಿಸಿ, ಇದನ್ನು ಬೆಳಕಿಗೆ ತರಬೇಕೆಂದ. ಕೂಲಿಯಿಲ್ಲದೆ ವಾದಿಸಲು ಮುಂದೆ ಬಂದ ಇಬ್ಬರು ವಕೀಲರಲ್ಲಿ ಒಬ್ಬ ಪಾಪಲ್ಟನ್. ಆತ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯದೇ ವಕೀಲ! ಇಂಥವನು ನ್ಯಾಯಾಲಯದಲ್ಲಿ ದೂರು ಕೊಡತಕ್ಕ ‘ವ್ಯಕ್ತಿ’ಯೇ ಅಲ್ಲ ಎಂಬುದು ಸರಕಾರದ ಪಕ್ಷ. ಸ್ಟ್ಯಾಂಡಿಂಗ್ ಬೇರ್ ಕೈ ಮುಂದೆ ಚಾಚಿ, ಇದರ ಬಣ್ಣ ಬೇರೆಯಾದರೂ ಒಳಗಿನ ರಕ್ತ ನಿಮ್ಮದರ ಬಣ್ಣದ್ದೇ ಎಂಬರ್ಥದ ಮಾತಾಡಿದನೆಂದು ಅಂದು ಕೇಳಿದವರು ಬರೆದಿಟ್ಟಿದ್ದಾರೆ. ಮೇ ೧೨ರಂದು ನ್ಯಾಯಾಧೀಶ ಡಂಡಿ ತೀರ್ಪು ಕೊಟ್ಟ: ಇವನು ಕಾನೂನಿನ ಕಣ್ಣಿನಲ್ಲಿ ವ್ಯಕ್ತಿ, ಇವನನ್ನು ಬಿಡತಕ್ಕದ್ದು. ತಂದೆ ಮಗನನ್ನು ನದಿಯ ದಡದಲ್ಲಿ ಹೂತ.

ಆ ಮೇ ತಿಂಗಳಿನಲ್ಲಿ ಅನಿವಾರ್ಯತೆ ಎಲ್ಲಿ ಹೋಗಿತ್ತು? ರೈಲು ನಿಲ್ಲಲಿಲ್ಲ, ಉಕ್ಕಿನ ಕುಲುಮೆ ಆರಲಿಲ್ಲ. ನಾಲ್ಕಾರು ಮಂದಿ ಕಡತದಿಂದ ಕಣ್ಣೆತ್ತಿ ಒಬ್ಬ ಮನುಷ್ಯನನ್ನು ನೋಡಿದರು, ಅಷ್ಟೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಓದುವವರಿಗೂ ಬರೆಯುವವನಿಗೂ ಹಿತ. ಸತ್ಯಕ್ಕೆ ಹಿತವಲ್ಲ. ಬಾಸ್ಟನ್ನಿನಲ್ಲಿ ಸ್ಟ್ಯಾಂಡಿಂಗ್ ಬೇರನ ಮಾತನ್ನು ಕೇಳಿ ಹೆಲೆನ್ ಹಂಟ್ ಜಾಕ್ಸನ್ ಎಂಬ ಲೇಖಕಿ ಸರಕಾರದ ವಚನಭಂಗಗಳನ್ನೆಲ್ಲ ಕುರಿತು ೧೮೮೧ರಲ್ಲಿ ಪುಸ್ತಕ ಬರೆದು, ಕಾಂಗ್ರೆಸ್ಸಿನ ಪ್ರತಿಯೊಬ್ಬ ಸದಸ್ಯನಿಗೂ ಒಂದೊಂದು ಪ್ರತಿ ಕಳುಹಿಸಿದಳು. ಜನರ ಮನಸ್ಸು ಕರಗಿತು. ಮನ ಕರಗಿದವರಲ್ಲಿ ಸೆನೆಟರ್ ಡಾಸ್ ಒಬ್ಬ. ಈ ಸಜ್ಜನರೆಲ್ಲ ಸೇರಿ, ಮೂಲನಿವಾಸಿಗಳನ್ನು ಕಾಪಾಡುವ ದಾರಿ ಒಂದೇ, ಅವರ ಸಮುದಾಯದ ನೆಲವನ್ನು ಒಡೆದು ಒಂದೊಂದು ಕುಟುಂಬಕ್ಕೆ ೧೬೦ ಎಕರೆಯಂತೆ ಹಂಚಿ ಅವರನ್ನು ರೈತರನ್ನಾಗಿ ಮಾಡುವುದು ಎಂದು ನಿರ್ಧರಿಸಿದರು. ೧೮೮೭ರಲ್ಲಿ ಅದು ಕಾನೂನಾಯಿತು. ಹಂಚಿ ಮಿಕ್ಕದ್ದು ಬಿಳಿಯರಿಗೆ ಹೋಯಿತು; ಹಂಚಿದ್ದರಲ್ಲಿಯೂ ಬಹುಭಾಗ ಸಾಲಕ್ಕೆ, ತೆರಿಗೆಗೆ, ಮೋಸಕ್ಕೆ ಹೋಯಿತು. ಅಂದು ಅವರ ಕೈಯಲ್ಲಿದ್ದದ್ದು ಸುಮಾರು ೧೩ ಕೋಟಿ ೮೦ ಲಕ್ಷ ಎಕರೆ. ೧೯೩೪ರಲ್ಲಿ ಈ ಕ್ರಮ ನಿಲ್ಲುವ ಹೊತ್ತಿಗೆ ಉಳಿದದ್ದು ೪ ಕೋಟಿ ೮೦ ಲಕ್ಷ. ಬಂದೂಕು ಕಿತ್ತುಕೊಳ್ಳದೆ ಬಿಟ್ಟದ್ದನ್ನು ಕರುಣೆ ಕಿತ್ತುಕೊಂಡಿತು. ಒಂದು ಅನಿವಾರ್ಯವನ್ನು ಎದುರಿಸಿದವರು ಇನ್ನೊಂದಕ್ಕೆ ಶರಣಾಗಿದ್ದರು. ಸ್ವಂತ ಆಸ್ತಿಯೇ ನಾಗರಿಕತೆ, ಅದನ್ನು ಒಪ್ಪದವನಿಗೆ ಉಳಿಗಾಲವಿಲ್ಲ ಎಂಬುದನ್ನು ಅವರು ಸೂರ್ಯೋದಯದಷ್ಟೇ ಸಹಜವೆಂದು ನಂಬಿದ್ದರು. ನಿನಗೇನು ಬೇಕು ಎಂದು ಆ ಜನವನ್ನು ಕೇಳಬೇಕೆಂದು ಅವರಿಗೆ ತೋರಲಿಲ್ಲ.

ಕೇಳಿದ್ದರೆ ಏನು ಹೇಳುತ್ತಿದ್ದರು ಎಂಬುದಕ್ಕೆ ನಮ್ಮ ಕಾಲದ ನಿದರ್ಶನವೊಂದಿದೆ. ‘ಬ್ಲ್ಯಾಕ್ ಹಿಲ್ಸ್’ ಎಂಬ ಕಪ್ಪು ಬೆಟ್ಟಗಳು ಸೂ ಜನಕ್ಕೆ ಸೇರಿದ್ದೆಂದು ೧೮೬೮ರ ಒಪ್ಪಂದ. ೧೮೭೪ರಲ್ಲಿ ಅಲ್ಲಿ ಚಿನ್ನ ಕಂಡಿತು. ೧೮೭೭ರಲ್ಲಿ ಸರಕಾರ ಬೆಟ್ಟಗಳನ್ನು ತೆಗೆದುಕೊಂಡಿತು. ನೂರು ವರ್ಷ ಕಳೆದ ಮೇಲೆ, ೧೯೮೦ರಲ್ಲಿ, ಹಾಗೆ ತೆಗೆದುಕೊಂಡದ್ದಕ್ಕೆ ಪರಿಹಾರ ಕೊಡಲೇಬೇಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಬಡ್ಡಿ ಸೇರಿ ಹತ್ತು ಕೋಟಿ ಡಾಲರಿಗೂ ಮಿಗಿಲು. ಆ ಜನ ದೇಶದ ಅತ್ಯಂತ ಬಡವರ ಸಾಲಿನವರು. ಹಣ ಬೇಡವೆಂದರು. ಬೆಟ್ಟ ಮಾರಾಟಕ್ಕಿರಲಿಲ್ಲ, ಈಗಲೂ ಇಲ್ಲ ಎಂಬುದು ಅವರ ನಿಲವು. ಮುಟ್ಟದೆ ಬಿಟ್ಟ ಆ ಹಣ ಬೆಳೆದು ನೂರು ಕೋಟಿ ಡಾಲರನ್ನು ದಾಟಿದೆ.

ನಾನು ಬಹಳ ಯೋಚಿಸಿದ್ದು ಈ ನಿರಾಕರಣೆಯನ್ನು ಕುರಿತು. ಬೆಲೆ ತೆಗೆದುಕೊಂಡರೆ ನಡೆದದ್ದು ವ್ಯಾಪಾರವಾಗುತ್ತದೆ, ಕಡತ ಮುಚ್ಚುತ್ತದೆ. ತೆಗೆದುಕೊಳ್ಳದಿದ್ದರೆ ವಾಕ್ಯದಲ್ಲಿ ಕರ್ತೃ ಉಳಿಯುತ್ತಾನೆ. ‘ಬೆಟ್ಟ ಹೋಯಿತು’ ಎಂದಾಗುವುದಿಲ್ಲ. ‘ನೀವು ತೆಗೆದುಕೊಂಡಿರಿ’ ಎಂದೇ ನಿಲ್ಲುತ್ತದೆ. ಬಡವನೊಬ್ಬ ಇಷ್ಟು ದುಬಾರಿಯಾದ ವ್ಯಾಕರಣಶುದ್ಧಿಯನ್ನು ಕಾಪಾಡಿಕೊಂಡು ಬರುವುದನ್ನು ಕಂಡಾಗ, ‘ಅನಿವಾರ್ಯ’ವೆಂದು ಹಗುರವಾಗಿ ಆಡಿದ ನಾಲಗೆ ತಡವರಿಸಬೇಕು.

ಆದುದರಿಂದ ನನ್ನ ವಿದ್ಯಾರ್ಥಿಗೆ ಹೀಗೆ ಬರೆದೆ: “ನೀನು ಆ ರೈಲಿನಲ್ಲಿ ಓಡಾಡಬೇಡವೆಂದಾಗಲಿ, ಆ ವಿಶ್ವವಿದ್ಯಾಲಯ ಕೆಟ್ಟದ್ದೆಂದಾಗಲಿ ನಾನು ಹೇಳಲಾರೆ. ರೈಲಿನ ಹಣದಿಂದ ಎದ್ದ ಆ ವಿದ್ಯಾಲಯದ ವಿದ್ವಾಂಸರೇ ಚೀನೀ ಕೆಲಸಗಾರರ ಚರಿತ್ರೆಯನ್ನು ಹೆಕ್ಕಿ ತೆಗೆಯಲು ವರ್ಷಗಟ್ಟಲೆ ದುಡಿದಿದ್ದಾರೆ. ಅದು ಅವರ ಹಿರಿಮೆ. ಹಿಂದಿನವರ ತಪ್ಪಿಗೆ ನೀನು ಎದೆ ಬಡಿದುಕೊಳ್ಳಬೇಕಾಗಿಲ್ಲ. ಆದರೆ ಅವರ ಗಳಿಕೆಯಲ್ಲಿ ಕಾಲಿಟ್ಟವರು ಅವರ ಲೆಕ್ಕದ ಪುಸ್ತಕವನ್ನೂ ತೆರೆದು ನೋಡಬೇಕು. ನೋಡಿದ ಮೇಲೆ ನಾಳೆ ನಿನ್ನ ಮೇಜಿನ ಮೇಲೆಯೇ, ಯಾರದೋ ಊರು, ಯಾರದೋ ಕೆಲಸ, ಯಾರದೋ ಬಾಳು ಒಂದು ಅಂಕಿಯಾಗಿ ಬಂದು ಕುಳಿತಾಗ, ‘ಇದು ಅನಿವಾರ್ಯ’ ಎಂದು ಬರೆಯುವ ಮೊದಲು ಒಂದು ಗಳಿಗೆ ತಡೆ. ‘ಇದನ್ನು ನಾನು ಮಾಡುತ್ತಿದ್ದೇನೆ’ ಎಂದು ಬರೆದು ನೋಡು. ಹಾಗೆ ಬರೆದ ಮೇಲೂ ಮಾಡಬಹುದೆನಿಸಿದರೆ ಮಾಡು. ಕೈ ನಿಂತರೆ, ಅದು ಅನಿವಾರ್ಯವಾಗಿರಲಿಲ್ಲ.”

ಕಾಗದವನ್ನು ಮಡಿಸುವಾಗ ಇನ್ನೊಂದು ಸಾಲು ಸೇರಿಸಿದೆ: ಮುಂದಿನ ಸಲ ಆ ಬಂಗಾರದ ಮೊಳೆಯನ್ನು ನೋಡಲು ಹೋದಾಗ, ಅದು ಕಂಬಿಯನ್ನು ಒಂದು ದಿನವೂ ಹಿಡಿದಿರಲಿಲ್ಲವೆಂಬುದನ್ನು ಜೊತೆಯವರಿಗೆ ಮರೆಯದೆ ಹೇಳು.